ಹೊರಡದ ಕಾರಿನ ನಿದಾನ

ನಮ್ಮ ಭಾಷೆಯಲ್ಲಿ ‘ನಿದಾನ’ ಎಂಬ ಮಾತೊಂದಿದೆ. ‘ನಿಧಾನ’ ಎಂಬ ಮಾತೂ ಇದೆ. ಮೊದಲನೆಯದರಲ್ಲಿ ‘ದ’ ಅಲ್ಪಪ್ರಾಣ, ಎರಡನೆಯದರಲ್ಲಿ ‘ಧ’ ಮಹಾಪ್ರಾಣ. ನಿದಾನವೆಂದರೆ ಮೂಲಕಾರಣ, ವೈದ್ಯರು ರೋಗದ ಕಾರಣವನ್ನು ಗೊತ್ತುಮಾಡುವುದಕ್ಕೆ ರೋಗನಿದಾನವೆಂದು ಹೆಸರು. ನಿಧಾನವೆಂದರೆ ಸಂಸ್ಕೃತದಲ್ಲಿ ನಿಧಿ, ಕೂಡಿಟ್ಟ ಗಂಟು. ಕನ್ನಡದ ಬಳಕೆಯಲ್ಲಿ ಆತುರವಿಲ್ಲದಿರುವುದು, ತಾಳ್ಮೆ. ಸುಮಾರು ಮೂವತ್ತು ವರ್ಷಗಳಿಂದ ಪ್ರೌಢಶಾಲೆಯ ಮಕ್ಕಳಿಗೆ ಈ ಎರಡು ಮಾತುಗಳನ್ನು ಉಕ್ತಲೇಖನಕ್ಕೆ ಕೊಡುತ್ತ ಬಂದಿದ್ದೇನೆ. ತರಗತಿಯ ಅರ್ಧದಷ್ಟು ಮಕ್ಕಳು ಒಂದರ ಬದಲು ಇನ್ನೊಂದನ್ನು ಬರೆಯುತ್ತಾರೆ. ಅವರನ್ನು ಗದರಿಸಲು ನನಗೆ ಬಾಯಿ ಬರುವುದಿಲ್ಲ. ಏಕೆಂದರೆ ಈ ಎರಡು ಮಾತುಗಳ ನಂಟನ್ನು ನಾನು ಕಲಿತದ್ದು ನಿಘಂಟಿನಿಂದಲ್ಲ. ಹೊರಡಲೊಲ್ಲದೆ ನಿಂತ ಒಂದು ಹಳೆಯ ಮೋಟಾರು ಕಾರಿನ ಮುಂದೆ, ನಡುರಾತ್ರಿಯಲ್ಲಿ.

ಆ ಕಾರು ನಮ್ಮ ತಂದೆಯವರದು, ಪ್ರೀಮಿಯರ್ ಪದ್ಮಿನಿ. ಮುಂಬಯಿಯ ಕುರ್ಲಾದ ಕಾರ್ಖಾನೆಯಲ್ಲಿ ೧೯೬೪ರಿಂದ ‘ಫಿಯಟ್ ೧೧೦೦ ಡಿಲೈಟ್’ ಎಂಬ ಹೆಸರಿನಲ್ಲಿ ತಯಾರಾಗುತ್ತಿದ್ದ ಕಾರಿಗೆ ೧೯೭೪ರಲ್ಲಿ ಪದ್ಮಿನಿಯೆಂಬ ಹೆಸರು ಬಂದಿತು. ನಾಲ್ಕು ಸಿಲಿಂಡರು, ೧೦೮೯ ಸಿ.ಸಿ.ಯ ಇಂಜಿನು, ಸ್ಟೀರಿಂಗಿನ ಪಕ್ಕದಲ್ಲೇ ಗೇರು. ಪದ್ಮಿನಿಯೆಂದರೆ ತಾವರೆಯ ಬಳ್ಳಿ, ತಾವರೆಗೊಳ. ನೀರಿನಲ್ಲಿ ಅರಳಬೇಕಾದ ಹೆಸರನ್ನಿಟ್ಟುಕೊಂಡು ಈ ಪುಣ್ಯಾತಗಿತ್ತಿ ಮಳೆಯ ಹನಿ ಕಂಡರೆ ಮುನಿಯುತ್ತಿದ್ದಳು. ಆಗ ನಾವಿದ್ದದ್ದು ಮಲೆನಾಡಿನ ಒಂದು ಹಳ್ಳಿಯ ಮನೆಯಲ್ಲಿ; ಪಟ್ಟಣಕ್ಕೆ ಹತ್ತು ಕಿಲೋಮೀಟರು.

೧೯೯೭ರ ಆಷಾಢ. ರಾತ್ರಿ ಎರಡು ಗಂಟೆಯ ಹೊತ್ತಿಗೆ ಅಪ್ಪನವರಿಗೆ ಎದೆ ಹಿಡಿದಂತಾಗಿ ಉಸಿರು ಕಟ್ಟತೊಡಗಿತು. ಅಮ್ಮ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದರು. ನಾನು ಓಡಿಹೋಗಿ ಕಾರಿನ ಕೀಲಿಕೈ ತಿರುಗಿಸಿದೆ. ‘ಟಕ್’ ಎಂದಿತು, ಸುಮ್ಮನಾಯಿತು. ಮತ್ತೆ ತಿರುಗಿಸಿದೆ, ಮತ್ತೆ ಟಕ್. ಪೆಟ್ರೋಲು ಸಾಲದೇನೋ ಎಂದು ಆಕ್ಸಿಲರೇಟರನ್ನು ಹತ್ತು ಸಲ ತುಳಿದೆ. ಚಳಿಯಿಂದ ಹೀಗಾಗಿರಬೇಕೆಂದು ಚೋಕನ್ನು ಪೂರ್ತಿ ಎಳೆದೆ. ಬಾನೆಟ್ಟು ತೆಗೆದು ಕೈಗೆ ಸಿಕ್ಕ ತಂತಿಯನ್ನೆಲ್ಲ ಅಲ್ಲಾಡಿಸಿದೆ. ನೆರೆಯವರು ಲಾಟೀನು ಹಿಡಿದು ಬಂದರು. ಸುರಿಯುವ ಮಳೆಯಲ್ಲಿ ಕಾರನ್ನು ಅಂಗಳದ ಇಳಿಜಾರಿನಲ್ಲಿ ತಳ್ಳಿದೆವು. ಇಂಜಿನು ಎರಡು ಸಲ ಕೆಮ್ಮಿ, ಪೆಟ್ರೋಲಿನ ನಾತ ಬೀರಿ ನಿಂತುಬಿಟ್ಟಿತು. ಕೊನೆಗೆ ಒಬ್ಬ ಹುಡುಗ ಮೂರು ಕಿಲೋಮೀಟರು ಸೈಕಲ್ಲು ತುಳಿದು ಹೋಗಿ ಅಡಿಕೆ ಮಂಡಿಯವರ ಜೀಪನ್ನು ಕರೆತಂದ. ಅಪ್ಪನವರು ಆಸ್ಪತ್ರೆ ಸೇರುವಾಗ ಮೂರೂವರೆ ದಾಟಿತ್ತು. ದೇವರು ದೊಡ್ಡವನು, ಉಳಿದರು. ಆದರೆ ಗೋಡೆಗೊರಗಿ ಅವರು ಉಸಿರಿಗೆ ಹೋರಾಡುತ್ತ ಕುಳಿತಿದ್ದ ಆ ಒಂದು ಗಂಟೆ ನನ್ನ ಲೆಕ್ಕದಲ್ಲಿ ಇಂದಿಗೂ ಸಾಲವಾಗಿಯೇ ಉಳಿದಿದೆ.

ಮರುದಿನ ಮಧ್ಯಾಹ್ನ ಪಟ್ಟಣದಿಂದ ಮೆಕ್ಯಾನಿಕ್ ಸಾಹೇಬರು ಬಂದರು. ಅರವತ್ತು ದಾಟಿದ ಹಿರಿಯರು. ಬಂದವರು ಬಾನೆಟ್ಟಿಗೆ ಕೈಹಾಕಲಿಲ್ಲ. ಜಗಲಿಯ ಮೇಲೆ ಕುಳಿತು, ಕೊಟ್ಟ ಕಾಫಿ ಕುಡಿದು, “ಮೊದಲನೇ ಸಲ ತಿರುಗಿಸಿದಾಗ ಏನು ಸದ್ದು ಬಂತು ಮೇಷ್ಟ್ರೇ?” ಎಂದು ಕೇಳಿದರು. ನಾನು ನೆನಪು ಮಾಡಿಕೊಂಡು ‘ಟಕ್’ ಎಂದಿತೆಂದೆ. “ಆಗ ಮುಂದಿನ ದೀಪ ಹೇಗಿತ್ತು?” ನಾನು ನೋಡಿರಲಿಲ್ಲ. ಅವರು ಒಂದು ಚೆಂಬು ಬಿಸಿನೀರು, ಒಂದು ಚಾಕು ತರಿಸಿದರು. ಬ್ಯಾಟರಿಯ ಒಂದು ಟರ್ಮಿನಲ್ಲಿನ ಮೇಲೆ ಬೂಷ್ಟಿನಂತೆ ಬಿಳಿ ಪುಡಿ ಬೆಳೆದಿತ್ತು. ಅದನ್ನು ತೊಳೆದು, ಹೆರೆದು, ಬಿಗಿದರು. ಪೆಟ್ರೋಲಿನಲ್ಲಿ ತೊಯ್ದಿದ್ದ ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ ಒರೆಸಿ ಬಿಸಿಲಿಗಿಟ್ಟು ಮತ್ತೆ ಹಾಕಿದರು. ಕೀಲಿಕೈ ತಿರುಗಿಸಿದರೆ ಮೊದಲ ಸುತ್ತಿಗೇ ಇಂಜಿನು ಹಾಡತೊಡಗಿತು. “ಕಾರು ಒಂದೇ ಮಾತು ಹೇಳಿತ್ತು ಮೇಷ್ಟ್ರೇ. ನೀವು ಅದರ ಮೇಲೆ ಹತ್ತು ಮಾತು ಆಡಿದ್ರಿ,” ಎಂದರು ಸಾಹೇಬರು.

ಅವರು ಹೇಳಿದ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಚುಚ್ಚಿತು. ಕೊಳಕು ಹಿಡಿದ ಆ ಟರ್ಮಿನಲ್ಲು ಸೆಲ್ಫ್ ಮೋಟಾರನ್ನು ತಿರುಗಿಸುವಷ್ಟು ವಿದ್ಯುತ್ತನ್ನು ಬಿಡುತ್ತಿರಲಿಲ್ಲ, ನಿಜ. ಆದರೆ ಪ್ಲಗ್ಗಿನಲ್ಲಿ ಕಿಡಿ ಹುಟ್ಟಿಸುವಷ್ಟು ಬಿಡುತ್ತಿತ್ತು. ಆದ್ದರಿಂದ ನಾನು ಪೆಟ್ರೋಲು ತುಳಿಯದೆ, ಚೋಕನ್ನು ಅಳತೆ ಮೀರಿ ಎಳೆಯದೆ, ಸುಮ್ಮನೆ ಕಾರನ್ನು ತಳ್ಳಿಸಿದ್ದರೆ ಅದು ಇಳಿಜಾರಿನಲ್ಲೇ ಹೊರಟುಬಿಡುತ್ತಿತ್ತು. ಮೊದಲ ದೋಷ ಕಾರಿನದು. ಎರಡನೆಯದನ್ನು ಹುಟ್ಟಿಸಿದವನು ನಾನು.

ಅಂದಿನಿಂದ ನಾನು ಹಳೆಯ ಕಾರಿನ ಶಿಷ್ಯನಾದೆ. ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಇನ್ನೂ ಒಂದು ಪದ್ಮಿನಿಯೋ ಅಂಬಾಸಡರೋ ಇರಬಹುದು. ಕಾರ್ಬುರೇಟರಿನ ಯಾವ ಹಳೆಯ ಕಾರಿಗಾದರೂ ಈ ಕ್ರಮ ಸಲ್ಲುತ್ತದೆ.

ನಾವು ಹಳಗನ್ನಡ ಪದ್ಯಕ್ಕೆ ಅನ್ವಯ ಮಾಡುವಾಗ ನಮ್ಮ ಗುರುಗಳು, “ಅಲಂಕಾರಕ್ಕೆ ಮರುಳಾಗಬೇಡ, ಮೊದಲು ಕ್ರಿಯಾಪದವನ್ನು ಹುಡುಕು” ಎನ್ನುತ್ತಿದ್ದರು. ಕ್ರಿಯಾಪದ ಸಿಕ್ಕರೆ ಕರ್ತೃ ಯಾರು, ಕರ್ಮ ಯಾವುದು ಎಂದು ಒಂದೊಂದಾಗಿ ಕೇಳುತ್ತ ಹೋಗಬಹುದು. ಕಾರಿಗೂ ಹಾಗೆಯೇ ಒಂದು ಅನ್ವಯವುಂಟು. ಇಂಜಿನು ಹೊರಡಲು ಬೇಕಾದದ್ದು ನಾಲ್ಕು: ಅದನ್ನು ಮೊದಲು ಯಾರಾದರೂ ತಿರುಗಿಸಬೇಕು, ಹದವಾಗಿ ಗಾಳಿ ಬೆರೆತ ಪೆಟ್ರೋಲು ಒಳಗೆ ಬರಬೇಕು, ಅದನ್ನು ಪಿಸ್ಟನ್ನು ಬಿಗಿಯಾಗಿ ಒತ್ತಬೇಕು, ಒತ್ತಿದ ಗಳಿಗೆಗೆ ಸರಿಯಾಗಿ ಕಿಡಿ ಹಾರಬೇಕು. ಜರ್ಮನಿಯ ನಿಕೋಲಾಸ್ ಆಟೋ ೧೮೭೬ರಲ್ಲಿ ನಾಲ್ಕು ಹೊಡೆತದ ಇಂಜಿನನ್ನು ನಡೆಸಿ ತೋರಿಸಿದಂದಿನಿಂದ ಈ ಸೂತ್ರ ಬದಲಾಗಿಲ್ಲ. ಕಾರು ಹೊರಡದಿದ್ದರೆ ಈ ನಾಲ್ಕರಲ್ಲಿ ಒಂದು ಇಲ್ಲವೆಂದೇ ಅರ್ಥ. ಯಾವುದು ಇಲ್ಲ ಎಂಬುದನ್ನು ಊಹಿಸಬೇಡಿ, ಕೇಳಿ.

ಮೊದಲನೆಯ ಪ್ರಶ್ನೆ: ಇಂಜಿನು ತಿರುಗುತ್ತಿದೆಯೇ? ಮುಂದಿನ ದೀಪಗಳನ್ನು ಹಾಕಿ, ಅವುಗಳ ಬೆಳಕು ಕಾಣುವಂತೆ ಒಂದು ಗೋಡೆಯನ್ನು ನೋಡುತ್ತ, ಕೀಲಿಕೈಯನ್ನು ಒಂದೇ ಸಲ ತಿರುಗಿಸಿ. ಉತ್ತರ ಮೂರು ಬಗೆಯಾಗಿ ಬರಬಹುದು. ಸದ್ದಿಲ್ಲ, ದೀಪವೂ ಮಂಕಾಗಲಿಲ್ಲ ಎಂದಾದರೆ ವಿದ್ಯುತ್ತು ಸೆಲ್ಫಿಗೆ ತಲುಪಿಯೇ ಇಲ್ಲ. ಕೀಲಿಯ ಸ್ವಿಚ್ಚನ್ನೋ ಅಲ್ಲಿಂದ ಹೋಗುವ ತಂತಿಯನ್ನೋ ನೋಡಬೇಕು. ‘ಟಕ್’ ಎಂದು ದೀಪ ಆರುವಷ್ಟು ಮಂಕಾದರೆ ಬ್ಯಾಟರಿ ಬರಿದಾಗಿದೆ, ಇಲ್ಲವೆ ಅದರ ಕಟ್ಟು ಸಡಿಲವಾಗಿದೆ, ಕೊಳೆಯಾಗಿದೆ. ದೀಪ ತುಸುವೇ ಮಂಕಾಗಿ ಇಂಜಿನು ಚುರುಕಾಗಿ ತಿರುಗಿದರೆ ಬ್ಯಾಟರಿಗೂ ಸೆಲ್ಫಿಗೂ ಕೈಮುಗಿದು ಮುಂದಕ್ಕೆ ಹೋಗಿ, ದೋಷ ಅಲ್ಲಿಲ್ಲ.

“ದೀಪ ಚೆನ್ನಾಗಿ ಉರಿಯುತ್ತದೆ, ಹಾಗಾದರೆ ಬ್ಯಾಟರಿ ಸರಿಯಾಗಿದೆ” ಎಂದು ನಂಬಿ ಕೆಟ್ಟವರು ಬಹಳ ಮಂದಿ. ಎರಡು ದೀಪಗಳಿಗೆ ಬೇಕಾದದ್ದು ಹತ್ತು ಆಂಪಿಯರಿನ ಆಸುಪಾಸು. ಸೆಲ್ಫ್ ಮೋಟಾರು ಕೇಳುವುದು ನೂರಕ್ಕೂ ಮೀರಿ. ಹೂಳು ತುಂಬಿದ ಕಾಲುವೆಯಲ್ಲಿ ಚೆಂಬು ಮುಳುಗಿಸುವಷ್ಟು ನೀರು ಹರಿಯುತ್ತಿರುತ್ತದೆ. ಅದನ್ನು ನಂಬಿ ಗದ್ದೆಗೆ ನೀರು ಕಟ್ಟಲಾಗುವುದಿಲ್ಲ. ಟರ್ಮಿನಲ್ಲಿನ ಬಿಳಿ ಪುಡಿ ಈ ಹೂಳು. ಅಳೆಯುವ ಮೀಟರು ನಿಮ್ಮಲ್ಲಿದ್ದರೆ ಇನ್ನೂ ಒಳ್ಳೆಯದು. ಕೆಲವು ಗಂಟೆ ಸುಮ್ಮನಿದ್ದ ತುಂಬಿದ ಬ್ಯಾಟರಿ ೧೨.೬ ವೋಲ್ಟಿನಷ್ಟು ತೋರಿಸುತ್ತದೆ. ೧೨ಕ್ಕೆ ಇಳಿದಿದ್ದರೆ ಅದು ಹಸಿದಿದೆ. ಸೆಲ್ಫ್ ತಿರುಗುವಾಗ ೯.೫ಕ್ಕೂ ಕೆಳಗೆ ಕುಸಿದರೆ ಬ್ಯಾಟರಿಯ ಶಕ್ತಿ ಉಡುಗಿದೆ ಎಂದು ತಿಳಿಯಬಹುದು.

ಟರ್ಮಿನಲ್ಲನ್ನು ತೊಳೆಯುವಾಗ ಅರ್ಥ್ ತಂತಿಯನ್ನು, ಅಂದರೆ ಕಾರಿನ ಮೈಗೆ ಕಟ್ಟಿದ ತಂತಿಯನ್ನು, ಮೊದಲು ಬಿಚ್ಚಿ. ಕಟ್ಟುವಾಗ ಕೊನೆಗೆ ಕಟ್ಟಿ. ಬಿಸಿನೀರಿಗೆ ತುಸು ಅಡಿಗೆ ಸೋಡ ಕದಡಿದರೆ ಪುಡಿ ಬೇಗ ಕರಗುತ್ತದೆ; ನೀರು ಬ್ಯಾಟರಿಯ ಒಳಕ್ಕೆ ಮಾತ್ರ ಇಳಿಯಬಾರದು. ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಬರುತ್ತದೆ. ಬೀಡಿ, ಸಿಗರೇಟು, ದೀಪ ಹತ್ತಿರ ಸುಳಿಯದಿರಲಿ. ಹಾಗೆಯೇ ಇಂಜಿನಿಗೂ ಕಾರಿನ ಮೈಗೂ ನಡುವೆ ಒಂದು ದಪ್ಪ ಪಟ್ಟಿಯಿರುತ್ತದೆ. ಅದು ಸಡಿಲವಾದರೆ ವಿದ್ಯುತ್ತು ಬೇರೆ ದಾರಿಯಿಲ್ಲದೆ ಚೋಕಿನ ತಂತಿಯ ಮೂಲಕ ಹರಿಯುವುದುಂಟು. ಸೆಲ್ಫ್ ಹೊಡೆದಾಗ ಚೋಕಿನ ತಂತಿ ಬಿಸಿಯಾಯಿತೆಂದರೆ ಆ ಪಟ್ಟಿಯನ್ನು ನೋಡಿ. ಹೊಸ ಬ್ಯಾಟರಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಈ ಎರಡು ಮೂರು ಕಟ್ಟುಗಳನ್ನು ಬಿಗಿಯುವುದಕ್ಕೆ ಹತ್ತು ನಿಮಿಷ ಸಾಕು.

ಎರಡನೆಯ ಪ್ರಶ್ನೆ: ಇಂಜಿನು ಚೆನ್ನಾಗಿ ತಿರುಗುತ್ತದೆ, ಆದರೂ ಹೊತ್ತಿಕೊಳ್ಳುವುದಿಲ್ಲ, ಕೊರತೆ ಪೆಟ್ರೋಲಿನದೋ ಕಿಡಿಯದೋ? ಇದಕ್ಕೆ ಉತ್ತರ ಹೇಳುವ ಸಾಕ್ಷಿ ಒಂದು ಪ್ಲಗ್ಗು. ಐದಾರು ಸೆಕೆಂಡು ಸೆಲ್ಫ್ ಹೊಡೆದು, ಒಂದು ಪ್ಲಗ್ಗನ್ನು ಬಿಚ್ಚಿ ಮೂಸಿ ನೋಡಿ. ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಒದ್ದೆಯಾಗಿ ನಾತ ಹೊಡೆಯುತ್ತಿದ್ದರೆ ಪೆಟ್ರೋಲು ಬಂದಿದೆ, ಬಹುಶಃ ಹೆಚ್ಚೇ ಬಂದಿದೆ, ಕಿಡಿಯನ್ನು ನೋಡಬೇಕು.

ಕಿಡಿ ಹುಟ್ಟುವ ಬಗೆ ಬಲು ಸೊಗಸಾದದ್ದು. ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟುಗಳೆಂಬ ಎರಡು ಪುಟ್ಟ ಲೋಹದ ತುಟಿಗಳಿವೆ. ಅವು ಕೂಡಿದಾಗ ಕಾಯಿಲಿನಲ್ಲಿ ವಿದ್ಯುತ್ತು ಹರಿಯುತ್ತದೆ. ಬೇರೆಯಾದ ಕ್ಷಣದಲ್ಲಿ ಆ ಹರಿವು ಥಟ್ಟನೆ ಕಡಿದು, ಕಾಯಿಲಿನ ಇನ್ನೊಂದು ಸುತ್ತಿನಲ್ಲಿ ಸಾವಿರಾರು ವೋಲ್ಟು ಉಕ್ಕಿ, ಪ್ಲಗ್ಗಿನ ಸಂದಿನಲ್ಲಿ ಕಿಡಿಯಾಗಿ ಹಾರುತ್ತದೆ. ಕಿಡಿ ಹುಟ್ಟುವುದು ಕೂಡುವುದರಿಂದಲ್ಲ, ಅಗಲುವುದರಿಂದ! ನಾಲ್ಕು ಸಿಲಿಂಡರಿನ ಇಂಜಿನು ನಿಮಿಷಕ್ಕೆ ೩೦೦೦ ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಸಲ ಈ ತುಟಿಗಳು ಕೂಡಿ ಅಗಲುತ್ತವೆ. ಅವು ಸವೆಯುವುದರಲ್ಲಿ, ಸುಡುವುದರಲ್ಲಿ ಆಶ್ಚರ್ಯವೇನು? ಅವುಗಳ ನಡುವಿನ ಸಂದು ಅರ್ಧ ಮಿಲಿಮೀಟರಿಗೂ ತುಸು ಕಡಿಮೆ. ಸವೆದು ಆ ಸಂದು ಮುಚ್ಚಿಹೋದರೆ ಕಿಡಿಯೂ ಇಲ್ಲ, ಓಟವೂ ಇಲ್ಲ.

ಕಿಡಿಯನ್ನು ಪರೀಕ್ಷಿಸುವಾಗ ಪ್ಲಗ್ಗನ್ನು ಅದರ ತಂತಿಗೆ ಸೇರಿಸಿ, ಅದರ ಲೋಹದ ಮೈಯನ್ನು ಇಂಜಿನಿನ ಲೋಹಕ್ಕೆ ತಾಗಿಸಿಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. ಬರಿಗೈಯಲ್ಲಿ ಹಿಡಿಯಬೇಡಿ, ಹತ್ತಿರದಲ್ಲಿ ಚೆಲ್ಲಿದ ಪೆಟ್ರೋಲಿರಬಾರದು, ಬಿಚ್ಚಿದ ರಂಧ್ರದಿಂದ ಪೆಟ್ರೋಲಿನ ಆವಿ ಹೊಮ್ಮುವುದರಿಂದ ಪ್ಲಗ್ಗನ್ನು ಅದರಿಂದ ದೂರವಿಡಬೇಕು. ನೀಲಿಯಾಗಿ ಚಟಚಟನೆ ಹಾರಿದರೆ ಕಿಡಿ ಬಲವಾಗಿದೆ. ಹಳದಿಯಾಗಿ ಸೊರಗಿದ್ದರೆ ಪಾಯಿಂಟು, ಕಂಡೆನ್ಸರು, ಕಾಯಿಲು ಇವುಗಳಲ್ಲೊಂದು ದಣಿದಿದೆ. ಮಳೆಗಾಲವಾದರೆ ಇವಕ್ಕೆಲ್ಲ ಮೊದಲು ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಳಗೂ ಹೊರಗೂ ಒಣಬಟ್ಟೆಯಿಂದ ಒರೆಸಿ. ತೇವವಿದ್ದರೆ ವಿದ್ಯುತ್ತು ಪ್ಲಗ್ಗಿನ ತನಕ ಹೋಗುವ ತೊಂದರೆ ತೆಗೆದುಕೊಳ್ಳದೆ ಮುಚ್ಚಳದ ಮೇಲೆಯೇ ಅಡ್ಡದಾರಿ ಹಿಡಿಯುತ್ತದೆ. ನಮ್ಮ ಕಡೆ ಶ್ರಾವಣದವರೆಗೆ ಅರ್ಧ ಕಾರುಗಳ ರೋಗ ಇದೇ. ಔಷಧ ಒಂದು ಹಳೆಯ ಪಂಚೆಯ ಚೂರು.

ಇನ್ನು ಪೆಟ್ರೋಲು. ನಗಬೇಡಿ, ಮೊದಲು ಟ್ಯಾಂಕಿನಲ್ಲಿ ಅದು ಇದೆಯೇ ನೋಡಿ. ಹಳೆಯ ಕಾರಿನ ಮುಳ್ಳು ಸುಳ್ಳು ಹೇಳುತ್ತದೆ. ಇದ್ದರೆ, ಕಾರ್ಬುರೇಟರಿಗೆ ಬರುವ ಕೊಳವೆಯನ್ನು ಬಿಚ್ಚಿ, ಬಾಯನ್ನು ಒಂದು ಸೀಸೆಯೊಳಗಿಟ್ಟು, ಕಾಯಿಲಿನ ತಂತಿ ತೆಗೆದು ಕಿಡಿಯಾಗದಂತೆ ಮಾಡಿ, ಸೆಲ್ಫ್ ಹೊಡೆಸಿ. ಪೆಟ್ರೋಲು ಬಿಟ್ಟು ಬಿಟ್ಟು ಚಿಮ್ಮಬೇಕು. ಚಿಮ್ಮದಿದ್ದರೆ ಪಂಪಿನೊಳಗಿನ ಪೊರೆ ಹರಿದಿರಬಹುದು, ಕೊಳವೆಯಲ್ಲಿ ಕಸ ಕಟ್ಟಿರಬಹುದು. ಬೇಸಗೆಯಲ್ಲಿ ಓಡಿ ಬಿಸಿಯಾಗಿ ನಿಂತ ಕಾರಾದರೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ದಾರಿ ಕಟ್ಟಿರುತ್ತದೆ. ಬಾನೆಟ್ಟು ತೆರೆದು, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಮರದ ನೆರಳಿನಲ್ಲಿ ಅರ್ಧ ಗಂಟೆ ಕುಳಿತುಕೊಳ್ಳುವುದೇ ಇದಕ್ಕೆ ಚಿಕಿತ್ಸೆ.

ಪೆಟ್ರೋಲು ಹೆಚ್ಚಾದದ್ದಕ್ಕೂ ಮದ್ದುಂಟು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ೧೫ ಪಾಲು ಗಾಳಿಯಿರುವುದು ಹದ. ನನ್ನಂತೆ ತುಳಿದು ತುಳಿದು ಹದಗೆಡಿಸಿದ್ದರೆ, ಚೋಕನ್ನು ಒಳಕ್ಕೆ ತಳ್ಳಿ, ಹತ್ತು ನಿಮಿಷ ಬಿಟ್ಟು, ಆಕ್ಸಿಲರೇಟರನ್ನು ಒಂದೇ ಸಲ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಪದೇ ಪದೇ ತುಳಿದರೆ ಪೆಟ್ರೋಲು ಸುರಿಯುತ್ತದೆ. ಒತ್ತಿ ಹಿಡಿದರೆ ಗಾಳಿ ನುಗ್ಗುತ್ತದೆ. ಈ ಒಂದು ಭೇದವನ್ನು ಆ ರಾತ್ರಿ ಯಾರಾದರೂ ನನಗೆ ಹೇಳಿದ್ದರೆ!

ಈಗಿನ ಕಾಲದ ಒಂದು ಮಾತನ್ನೂ ಸೇರಿಸಬೇಕು. ಶೇಕಡಾ ೨೦ ಎಥನಾಲು ಬೆರೆತ ಪೆಟ್ರೋಲಿಗೆ ೨೦೨೩ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಆಮೇಲೆ ಅದು ದೇಶವೆಲ್ಲ ಹರಡಿತು. ಹಳೆಯ ಕಾರಿನ ರಬ್ಬರು ಕೊಳವೆಗಳೂ ಪಂಪಿನ ಪೊರೆಯೂ ಇದನ್ನು ಎಣಿಸಿ ಮಾಡಿದವಲ್ಲ. ಕ್ರಮೇಣ ಉಬ್ಬುತ್ತವೆ, ಬಿರಿಯುತ್ತವೆ. ಎಥನಾಲಿಗೆ ತೇವವನ್ನು ಹೀರುವ ಗುಣವೂ ಇದೆ. ಆದ್ದರಿಂದ ತಿಂಗಳುಗಟ್ಟಲೆ ಕಾರನ್ನು ನಿಲ್ಲಿಸಿ ಟ್ಯಾಂಕಿನಲ್ಲಿ ಪೆಟ್ರೋಲನ್ನು ಹಳಸಲು ಬಿಡಬೇಡಿ. ಎಥನಾಲು ತಡೆಯುವ ಹೊಸ ಕೊಳವೆಗಳನ್ನು ಹಾಕಿಸಿಕೊಳ್ಳಿ. ಪೆಟ್ರೋಲು ಸೋರುವ ಕೊಳವೆ ಕಾರನ್ನು ನಿಲ್ಲಿಸುವುದಷ್ಟೇ ಅಲ್ಲ, ಸುಡುವುದೂ ಉಂಟು.

ಕಿಡಿಯೂ ಇದೆ, ಪೆಟ್ರೋಲೂ ಇದೆ, ಆದರೂ ಹೊರಡದು ಎಂದರೆ ಒತ್ತಡವೋ ಕಾಲವೋ ತಪ್ಪಿದೆ. ಸೆಲ್ಫ್ ಹೊಡೆದಾಗ ಇಂಜಿನು ಎಂದಿನ ಏರಿಳಿತವಿಲ್ಲದೆ ಹಗುರವಾಗಿ ಗಿರ್ರನೆ ತಿರುಗಿದರೆ ಒಳಗಿನ ಟೈಮಿಂಗ್ ಚೈನು ಕಡಿದಿರಬಹುದು. ಅಲ್ಲಿಗೆ ನಮ್ಮ ನಿಮ್ಮ ವಿದ್ಯೆ ಮುಗಿಯಿತು. ಕೈ ತೊಳೆದುಕೊಂಡು ಮೆಕ್ಯಾನಿಕ್ಕನ್ನು ಕರೆಯುವುದೇ ಮರ್ಯಾದೆ.

ಇಷ್ಟರಲ್ಲಿ ಮರೆಯಬಾರದ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಪ್ರಶ್ನೆ. ಒಂದನ್ನು ಮುಟ್ಟಿ, ಕೀಲಿಕೈ ತಿರುಗಿಸಿ, ಏನಾಯಿತೆಂದು ನೋಡಿ, ಆಮೇಲೆ ಇನ್ನೊಂದನ್ನು ಮುಟ್ಟಿ. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದವನ ಕಾರು ಹೊರಟರೂ ಯಾವುದರಿಂದ ಹೊರಟಿತೆಂದು ಅವನಿಗೆ ತಿಳಿಯದು. ಹೊರಡದಿದ್ದರೆ ಹಳೆಯ ದೋಷದ ಜೊತೆಗೆ ಹೊಸದನ್ನೂ ಹುಡುಕಬೇಕಾಗುತ್ತದೆ. ಆಯುರ್ವೇದದವರು ರೋಗ ಪೂರ್ತಿ ಕಾಣುವ ಮೊದಲು ತೋರುವ ಚಿಹ್ನೆಗಳಿಗೆ ಪೂರ್ವರೂಪವೆಂದು ಹೆಸರಿಟ್ಟಿದ್ದಾರೆ. ಕಾರಿಗೂ ಅದುಂಟು. ಆ ಆಷಾಢದ ರಾತ್ರಿಗೆ ಹದಿನೈದು ದಿನ ಮೊದಲಿನಿಂದಲೂ ನಮ್ಮ ಪದ್ಮಿನಿಯ ಸೆಲ್ಫ್ ಬೆಳಗಿನ ಹೊತ್ತು ಮೈಮುರಿಯುತ್ತ ತಿರುಗುತ್ತಿತ್ತು. ಹೇಗೋ ಹೊರಡುತ್ತಿದೆಯಲ್ಲ ಎಂದು ನಾನು ಸುಮ್ಮನಿದ್ದೆ.

ಒಂದು ಎಚ್ಚರಿಕೆ. ಮನೆಯಲ್ಲಿ ಯಾರಿಗಾದರೂ ಪ್ರಾಣಸಂಕಟವಾದಾಗ ಕಾರಿನ ನಿದಾನಕ್ಕೆ ಕೂರಬೇಡಿ. ೨೦೦೮ರಿಂದ ನಮ್ಮ ರಾಜ್ಯದಲ್ಲಿ ೧೦೮ರ ಆಂಬುಲೆನ್ಸು ಇದೆ. ಮೊದಲು ಅದಕ್ಕೆ ಫೋನು ಮಾಡಿ. ಕಾರಿನ ಪರೀಕ್ಷೆ ಬಿಡುವಿದ್ದ ದಿನ ಮಾಡಬೇಕಾದದ್ದು.

ಅಪ್ಪನವರು ಆಮೇಲೆ ಒಂಬತ್ತು ವರ್ಷ ಬದುಕಿದ್ದರು. ನನ್ನನ್ನು ಒಮ್ಮೆಯೂ ಆಕ್ಷೇಪಿಸಲಿಲ್ಲ. ಆದರೆ ಆಸ್ಪತ್ರೆಯಿಂದ ಬಂದ ವಾರದಲ್ಲೇ ನೂರು ಪುಟದ ಒಂದು ನೋಟುಪುಸ್ತಕ ತಂದು ಕಾರಿನಲ್ಲಿಟ್ಟರು. ಬ್ಯಾಟರಿ ತೊಳೆದ ದಿನ, ಪಾಯಿಂಟು ಉಜ್ಜಿದ ದಿನ, ಸೆಲ್ಫ್ ಮೈಮುರಿದ ದಿನ, ಎಲ್ಲವನ್ನೂ ಅದರಲ್ಲಿ ಬರೆಯುತ್ತಿದ್ದರು. ಈಗ ಅದನ್ನು ನಾನು ಮುಂದುವರಿಸಿದ್ದೇನೆ. ಮುಂಬಯಿಯ ಬೀದಿಗಳಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ ೨೦೨೩ರ ಅಕ್ಟೋಬರಿನಲ್ಲಿ ಬೀಳ್ಕೊಂಡಿತು. ನಮ್ಮ ಕೊಟ್ಟಿಗೆಯ ಪದ್ಮಿನಿ ಮಾತ್ರ ಭಾನುವಾರ ಬೆಳಿಗ್ಗೆ ತಪ್ಪದೆ ಎದ್ದು ಪೇಟೆಗೆ ಹೋಗಿ ಬರುತ್ತಾಳೆ.

ನಿಮ್ಮ ಮನೆಯಲ್ಲೂ ಅಂಥ ಒಂದು ಕಾರಿದ್ದರೆ, ನಾಳೆ ಬೆಳಿಗ್ಗೆ, ಎಲ್ಲಿಗೂ ಹೋಗುವ ಆತುರವಿಲ್ಲದಾಗ, ಒಮ್ಮೆ ಕೀಲಿಕೈ ತಿರುಗಿಸಿ ಅದರ ಸದ್ದನ್ನು ಗಮನವಿಟ್ಟು ಕೇಳಿ. ಸ್ವಸ್ಥವಾಗಿದ್ದಾಗ ಅದು ಹೇಗೆ ಮಾತಾಡುತ್ತದೆಂದು ತಿಳಿದಿದ್ದರೆ ಅಸ್ವಸ್ಥವಾದಾಗ ಏನು ಹೇಳುತ್ತಿದೆಯೆಂದು ತಿಳಿಯುವುದು ಕಷ್ಟವಲ್ಲ. ನಿಧಾನವಿದ್ದವನಿಗೆ ನಿದಾನ ಸಿಗುತ್ತದೆ.